ಮೆಟ್ಟಿಲ ಮೇಲೆ ಕುಳಿತ ಅವ್ವ

ಸಿದ್ದಾಪುರದ ಚರ್ಚಿನಲ್ಲಿ ಮೊದಲ ಭಾನುವಾರ ಗೊತ್ತಿಲ್ಲದ ಮನುಷ್ಯನೊಬ್ಬ ಬೆಂಚಿನ ಮೇಲೆ ಸರಿದು ಕುಳಿತು, "ಬನ್ನಿ, ಇಲ್ಲಿ ಜಾಗ ಉಂಟು" ಎಂದ. ಬೇರೆ ಯಾರನ್ನೋ ಕರೆಯುತ್ತಿದ್ದಾನೆಂದು ನಾನು ಹಿಂದೆ ತಿರುಗಿ ನೋಡಿದೆ. ಹುಣಸೂರು ಸೀಮೆಯ ನಮ್ಮೂರಿನಲ್ಲಿ ಮೂವತ್ತು ವರ್ಷ ಬದುಕಿದ್ದರೂ ನನಗೆ ಯಾರೂ ಜಾಗ ಬಿಟ್ಟಿರಲಿಲ್ಲ.

ಕೊಡಗು ಮೈಸೂರಿಗೆ ಸೇರಿದ ಮರುವರ್ಷ ಅವ್ವನನ್ನು ಕರೆದುಕೊಂಡು ಎಸ್ಟೇಟಿಗೆ ಬಂದಿದ್ದೆ. ಕೂಲಿಯವರ ಸಾಲುಮನೆಗೆ ಇಲ್ಲಿ ಲೈನು ಎನ್ನುತ್ತಾರೆ, ಗುಮಾಸ್ತನಿಗೆ ರೈಟರು. ನಮ್ಮ ಒಂದು ಗೋಡೆಯಾಚೆ ತಮಿಳು, ಇನ್ನೊಂದರಾಚೆ ಮಲಯಾಳ. ರಾಗಿ ಸಿಗದೆ ಅವ್ವ ತಿಂಗಳಿಡೀ ಕುಸುಬಲಕ್ಕಿ ಅನ್ನವನ್ನು ಬೈದುಕೊಂಡೇ ಉಂಡಳು. ಎರಡು ವರ್ಷ ಕಾಫಿ ಕೊಯ್ದೆ. ಆಮೇಲೆ ಸಂತೆಯಲ್ಲಿ ತರಕಾರಿ ಮಾರಲು ಕುಳಿತೆ. ನಮ್ಮೂರಿಂದ ಇಲ್ಲಿಗೆ ಬರುವವರು ನನ್ನ ಬುದ್ಧಿಮಾತು ಕೇಳಿ: ನಾಲ್ಕು ಭಾಷೆಯಲ್ಲಿ ಬೆಲೆ ಹೇಳಲು ಕಲಿಯಿರಿ, ಯಾವುದರಲ್ಲೂ ಮೊದಲ ಬೆಲೆಗೆ ಒಪ್ಪಬೇಡಿ. ಕೈಕಟ್ಟಿ ನಿಲ್ಲುವ ಅಭ್ಯಾಸವನ್ನು ಬಸ್ಸು ಹತ್ತುವ ಮೊದಲೇ ಬಿಟ್ಟು ಬನ್ನಿ.

ನಾವಿಬ್ಬರೂ ದೀಕ್ಷಾಸ್ನಾನ ಪಡೆದೆವು. ಪಾದ್ರಿಯವರು 'ಮಾನಸಾಂತರ' ಎಂಬ ಮಾತು ಕಲಿಸಿದರು. ನೋಡುವ ದೃಷ್ಟಿಯನ್ನೇ ತಿರುಗಿಸಿಕೊಂಡರೆ ಹೊಸ ಬದುಕು ಸಿಗುತ್ತದಂತೆ. ನಾನು ತಿರುಗಿಸಿಕೊಂಡೆ ಅಂದುಕೊಂಡೆ. ಅವ್ವ ಮಾತ್ರ ಚರ್ಚಿನ ಹೊರಮೆಟ್ಟಿಲು ಬಿಡಲಿಲ್ಲ. ಊರ ಗುಡಿಯೆದುರು ಹೊರಗೇ ಕೂತು ಬಂದ ರೂಢಿ. ಕರೆದರೆ "ಇಲ್ಲೇ ಚೆನ್ನಾಗಿ ಕೇಳಿಸ್ತದೆ ಕಣ್ ಮಗ" ಎನ್ನುವಳು.

ಮೂರು ತಿಂಗಳಿಗೊಮ್ಮೆ ಯೇಸುವಿನ ನೆನಪಿಗೆ ಹಂಚುವ ಕರ್ತನ ಭೋಜನ: ರೊಟ್ಟಿ, ದ್ರಾಕ್ಷಾರಸ. ಪಾದ್ರಿಯವರು ಅದನ್ನು ಮೆಟ್ಟಿಲಿಗೇ ತಂದು ಅವಳಿಗೆ ಕೊಡುತ್ತಿದ್ದರು. ಎಂಥ ದೊಡ್ಡ ಮನಸ್ಸು ಎಂದು ಎಲ್ಲರೂ ಹೊಗಳಿದರು. ನನಗೆ ಮೈಯೆಲ್ಲ ಉರಿಯಿತು. ಊರಿನಲ್ಲೂ ಪ್ರಸಾದ ಹೀಗೇ ಹೊರಗೆ ಬರುತ್ತಿತ್ತಲ್ಲ!

ಸಭೆಯ ಹಿರಿಯರಾದ, ಮಂಗಳೂರು ಕಡೆಯ ರೈಟರು ಸಾಮುವೇಲಪ್ಪನವರ ಬಳಿ ಹೋದೆ.

"ಒಳಗೆ ಬನ್ನಿ ಅಂತ ನೀವೊಂದು ಮಾತು ಹೇಳಿ ಸಾರ್. ದೊಡ್ಡವರು ಹೇಳಿದ್ರೆ ಕೇಳ್ತಾಳೆ."

"ಅಜ್ಜಿ ಅಲ್ಲಿ ಹಾಯಾಗಿ ಇದ್ದಾರಲ್ಲ ಮಾರಾಯ? ಬೇಡ ಅಂದದ್ದು ಯಾರು? ನಿಧಾನಕ್ಕೆ ಮನಸ್ಸು ಬದಲಾಗ್ತದೆ."

"ಯಾರ ಮನಸ್ಸು ಸಾರ್? ನಿಮ್ಮ ಮನೆಯವರು ಮೆಟ್ಟಿಲ ಮೇಲೆ ಕೂತ್ರೆ ನಿಧಾನ ಅಂತೀರಾ?"

ಅವರು ಕೊಡೆ ಬಿಚ್ಚಿ ಹೊರಟುಬಿಟ್ಟರು.

ಮುಂದಿನ ಭೋಜನದ ದಿನ ಪಾದ್ರಿಯವರು ರೊಟ್ಟಿ ಹಿಡಿದು ಬಾಗಿಲಿಗೆ ಬಂದಾಗ ನಾನು ಅಡ್ಡ ನಿಂತೆ. "ಹೊರಗೆ ತರಬೇಡಿ ಅಯ್ಯನವರೇ, ಬೇಕಾದ್ರೆ ಅವಳೇ ಒಳಗೆ ಬರಲಿ." ನನ್ನದು ಸಂತೆಯ ಬುದ್ಧಿ: ಸರಕು ಹಿಡಿದಿಟ್ಟರೆ ಗಿರಾಕಿ ಮುಂದೆ ಬರಲೇಬೇಕು. ಅವ್ವ ಏಳಲಿಲ್ಲ. ಪಾದ್ರಿಯವರು ರೊಟ್ಟಿಯೊಂದಿಗೆ ಒಳಗೆ ಹಿಂದಿರುಗಿದರು.

"ನಿನ್ ಹಟಕ್ಕೆ ನನ್ ಬಾಯಿಂದ ದೇವ್ರ ರೊಟ್ಟಿ ಕಿತ್ಕಂಡ್ಯಲ್ಲೋ! ಊರ ಗೌಡ್ರು ಕೂಡ ಇಂಗೆ ಮಾಡ್ಲಿಲ್ಲ" ಎಂದವಳು ಮೂರು ತಿಂಗಳು ಮಾತು ಬಿಟ್ಟಳು. ಎದೆಯ ಕಫ ಅವಳನ್ನು ಹಣ್ಣು ಮಾಡಿತ್ತು. ಇನ್ನೊಂದು ಭೋಜನ ಕಾಣುವಳೋ ಇಲ್ಲವೋ ಎಂದು ನನ್ನನ್ನೇ ಬೈದುಕೊಂಡೆ. ರೈಟರಿಗೆ ಮಾನಸಾಂತರದ ಪಾಠ ಹೇಳಲು ಹೋದವನು ಅವ್ವನ ವಿಶ್ವಾಸವನ್ನೇ ಚೌಕಾಸಿಗೆ ಇಟ್ಟಿದ್ದೆ!

ಭೋಜನದ ಭಾನುವಾರ ಮತ್ತೆ ಬಂದಾಗ ನಾನೂ ಹೋಗಿ ಮೆಟ್ಟಿಲ ಮೇಲೆ ಅವಳ ಪಕ್ಕ ಕುಳಿತೆ. ಅವ್ವ ಕಿಡಿಯಾದಳು.

"ನೀನ್ಯಾಕ್ಲಾ ಇಲ್ಲಿ? ಏಳು!"

"ನೀನಿರೋ ಕಡೆ ನಾನಿರ್ತೀನಿ. ಅಯ್ಯನವರು ಇಬ್ಬರಿಗೂ ಇಲ್ಲೇ ತಂದುಕೊಡಲಿ."

"ಬಾಗ್ಲಾಚೆ ಕೂರ್ಲಿ ಅಂತಲಾ ನಿನ್ನ ಸಾಕಿದ್ದು?"

ನನ್ನ ರಟ್ಟೆ ಹಿಡಿದು ಎಬ್ಬಿಸಿ ದರದರ ಒಳಗೆ ಎಳೆದುಕೊಂಡು ಹೋದಳು. ನನ್ನನ್ನು ಗಂಡಸರ ಕಡೆಗೆ ತಳ್ಳಿ, ತಾನು ರೈಟರ ಹೆಂಡತಿಯ ಪಕ್ಕ ನಿಂತು, "ವಸಿ ಆ ಕಡೀಕ್ ಹೋಗಿ ತಾಯಿ, ಕಾಲ್ ನೋಯ್ತವೆ" ಎಂದಳು. ಆಕೆ ಗಂಡನ ಮುಖ ನೋಡಿದರು. ಅಷ್ಟರಲ್ಲಿ ಅವ್ವ ಕೂತಾಗಿತ್ತು.

ಈಗ ಅವಳಿಗೆ ಒಂದೇ ಗೀಳು: ಊರಿಗೆ ಹೋಗಿ ಬೆಂಚಿನ ಮೇಲೆ ಕೂತ ಸಂಗತಿ ಹೇಳಬೇಕು. "ಎಲ್ಲಿ ನಿಂತ್ಕಂಡು ಹೇಳ್ತೀಯ ಅವ್ವ?" ಎಂದರೆ ಎದ್ದು ಒಲೆ ಊದಲು ಹೋಗುತ್ತಾಳೆ. ಊರಿನವರೇ, ನನಗೂ ಬರುವ ಆಸೆ ಇಲ್ಲವೆಂದರೆ ಸುಳ್ಳಾದೀತು. ಆದರೆ ಅವ್ವನನ್ನು ಮತ್ತೆ ನೆಲದ ಮೇಲೆ ಕೂರಿಸಲು ನಾನು ಬಸ್ಸು ಹತ್ತಿಸುವುದಿಲ್ಲ. ನಿಮ್ಮಲ್ಲಿ ಅವಳನ್ನು ಜಗುಲಿಗೆ ಕರೆಯುವವರು ಒಬ್ಬರಾದರೂ ಇದ್ದರೆ ಕಾಗದ ಹಾಕಿ.