ಏಕನಾಥ ಮಾಸ್ತರರ ಎಂಟು ಫರ್ಲಾಂಗು

ನಮ್ಮಣ್ಣ ಏಕನಾಥನಿಗೆ ಸಿಟ್ಟೇ ಬರುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿದ್ದುದೇ ಅದಕ್ಕೆ. ಔರಾದಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಸಂಜೆ ಮನೆಗೆ ಬಂದನೆಂದರೆ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ನೀರು ಕೊಟ್ಟರೆ ಕುಡಿಯುತ್ತಿದ್ದ, ಕೊಡದಿದ್ದರೆ ಕೇಳುತ್ತಿರಲಿಲ್ಲ. "ಏನರೆ ಮಾತಾಡೋ ಅಣ್ಣಾ" ಅಂದರೆ, "ಕಾಲು ಮಾತಾಡ್ಲಿಕತ್ತಾವ ತಂಗಿ ಕೇಶರ, ಅದನ್ನೇ ಕೇಳ್ಲಿಕತ್ತೇನಿ" ಅನ್ನುತ್ತಿದ್ದ. ಅವನು ತೀರಿಕೊಂಡು ಎಷ್ಟೋ ವರ್ಷಗಳಾದವು. ಈಗ ಜನ ಸಿಕ್ಕಾಗಲೆಲ್ಲ "ನಿಮ್ಮಣ್ಣ ಭಾಳ ಶಾಂತ ಸ್ವಭಾವದವರು ಇದ್ದರು" ಎಂದು ಹೊಗಳುತ್ತಾರೆ. ಶಾಂತ ಸ್ವಭಾವವಂತೆ, ಮಣ್ಣಂಗಟ್ಟಿ! ಅದು ದಣಿವು.

ಅವನು ಬೀದರಿನಲ್ಲಿ ಓದಿದ್ದು ಉರ್ದುವಿನಲ್ಲಿ, ನಿಜಾಮರ ಕಾಲದಲ್ಲಿ. ತ್ರಿಕೋನಕ್ಕೆ ಮುಸಲ್ಲಸ್ ಅನ್ನುತ್ತ ಕಲಿತವನು. ಐವತ್ತಾರರಲ್ಲಿ ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರಿಗೆ ಸೇರಿದಾಗ, ಇನ್ನು ಮೇಲೆ ಕನ್ನಡದಲ್ಲಿ ಕಲಿಸಿ ಎಂದು ಹುಕುಂ ಬಂತು. ಹುಂ ಅಂದ, ಕಲಿಸಿದ. ಅದೇ ವರ್ಷ ದಸರೆಯ ಹೊತ್ತಿಗೆ ನಮ್ಮ ಕೇರಿಯ ಹಿರಿಯರು ನಾಗಪುರಕ್ಕೆ ಹೋಗಿ ಬಂದರು, ನಾವೆಲ್ಲ ಬೌದ್ಧರಾದೆವು. ರಾಜ್ಯ ಹೊಸದಾಯಿತು, ಧರ್ಮ ಹೊಸದಾಯಿತು. ಸಾಲಿಗೆ ಹೋಗುವ ದಾರಿ ಮಾತ್ರ ಹಳೆಯದೇ ಉಳಿಯಿತು.

ಆ ದಾರಿಯ ವಿಷಯ ಹೇಳಬೇಕು. ನಮ್ಮ ಹಳ್ಳಿಯಿಂದ ಹೊರಟ ಬಂಡಿರಸ್ತೆ ಮೊದಲು ನೆಟ್ಟಗೆ ದಕ್ಷಿಣಕ್ಕೆ ಹನ್ನೆರಡು ಫರ್ಲಾಂಗು ಹೋಗುತ್ತದೆ. ಅಲ್ಲೊಂದು ಬೇವಿನ ಮರ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಹದಿನಾರು ಫರ್ಲಾಂಗು ನಡೆದರೆ ಔರಾದು. ಎಂಟು ಫರ್ಲಾಂಗಿಗೆ ಒಂದು ಮೈಲಿ, ಒಟ್ಟು ಮೂರೂವರೆ ಮೈಲಿ. ಇದನ್ನು ಬಿಟ್ಟು ಅಡ್ಡಕ್ಕೆ, ಜಮೀನ್ದಾರ ದೇಶಮುಖರ ಹೊಲದ ನಡುವೆ, ಒಂದು ಕಾಲುದಾರಿಯೂ ಇತ್ತು. ಅದು ಅವರ ಬಾವಿಕಟ್ಟೆಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಹಾಗಾಗಿ ನಮ್ಮ ಕೇರಿಯವರು ಅದರಲ್ಲಿ ಕಾಲಿಡುವ ಹಾಗಿರಲಿಲ್ಲ. ಊರಿನ ಎಮ್ಮೆಗಳು ಆರಾಮಾಗಿ ಓಡಾಡುತ್ತಿದ್ದವು.

ಔರಾದಿನಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿಯಬಾರದೇ ಎಂದು ನೀವು ಕೇಳಬಹುದು. ಹಿಡಿಯಲು ಹೋಗಿದ್ದ. ಗಣಿತದ ಮಾಸ್ತರ್ ಎಂದ ಕೂಡಲೇ ಮನೆ ಮಾಲೀಕರು ಚಹಾ ತರಿಸುತ್ತಿದ್ದರು, ಯಾವ ಕೇರಿಯವರು ಎಂದು ಗೊತ್ತಾದ ಕೂಡಲೇ ಅವರ ಅಳಿಯ ಆ ಕೋಣೆಗೆ ಬರುವವನಿರುತ್ತಿದ್ದ. ಊರಿನ ತುಂಬ ಅಳಿಯಂದಿರು! ಅಣ್ಣ ನಡೆದ. ಎರಡು ಮಳೆಗಾಲ ಕೆಸರು ತುಳಿದು ಮೊಣಕಾಲು ಊದಿಕೊಂಡಿತು. ಇನ್ನೊಂದು ಮಳೆಗಾಲ ಹೀಗೇ ನಡೆದರೆ ಕಾಲು ಮಡಚಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಕಾಲು ಹೋದರೆ ನೌಕರಿ ಹೋದಂತೆ. ನಮ್ಮ ಮನೆಯಲ್ಲಿ ಇದ್ದುದು ಅದೊಂದೇ ನೌಕರಿ.

ಅಷ್ಟರಲ್ಲಿ ಸರಕಾರ ಸಾಲಿಯ ಹಿಂದೆ ಮಾಸ್ತರರಿಗಾಗಿ ಎರಡು ಕೋಣೆ ಕಟ್ಟಿಸಿತು. ಮನೆ ಮೂರು ಮೈಲಿಗಿಂತ ದೂರ ಇದ್ದವರಿಗೆ ಮಾತ್ರ ಎಂದು ನಿಯಮ. ಒಂದು ಕೋಣೆ ಭಾಲ್ಕಿಯಿಂದ ಬಂದ ಉರ್ದು ಮಾಸ್ತರ್ ಗುಲಾಮ ರಸೂಲರಿಗೆ ಸಿಕ್ಕಿತು. ಇನ್ನೊಂದು ಖಾಲಿ. ಮನೆ ಮೂರೂವರೆ ಮೈಲಿ ದೂರ ಎಂದು ಬರೆದು ಅಣ್ಣ ಅರ್ಜಿ ಹಾಕಿದ. ಅಣ್ಣನ ಹೆಂಡತಿ, ನನ್ನ ವೈನಿ ಶೇವಂತಾಬಾಯಿ ಅಂದಿನಿಂದಲೇ ಪಾತ್ರೆ ಬೇರೆ ಮಾಡಿಡಲು ಶುರು ಮಾಡಿದಳು. ಹದಿನೆಂಟು ವರ್ಷದ ನಾನು ಗಂಡ ತೀರಿಕೊಂಡು ತವರಿಗೆ ಬಂದವಳು. ಔರಾದಿಗೆ ಹೋದರೆ ಅಣ್ಣ ನನ್ನನ್ನು ಸಾಲಿಗೆ ಕಳಿಸುತ್ತಾನೆಂಬ ಆಸೆಯಲ್ಲಿದ್ದೆ.

ಅರ್ಜಿ ನೋಡುವವರು ಸಾಲಿಗಳ ಇನ್‌ಸ್ಪೆಕ್ಟರ್ ಸಾಹೇಬರು, ಮೈಸೂರು ಕಡೆಯವರು, ಬಂದು ಎರಡು ತಿಂಗಳೂ ಆಗಿರಲಿಲ್ಲ. ಅವರು ತಪಾಸಣೆಗೆ ಬಂದ ದಿನ ಅಣ್ಣ ಒಂದು ತಪ್ಪು ಮಾಡಿದ. ತಪ್ಪೆಂದರೆ, ಪಾಠ ಚೆನ್ನಾಗಿ ಮಾಡಿದ.

ಎರಡು ಬಿಂದುಗಳ ನಡುವಿನ ದೂರ ಕಂಡುಹಿಡಿಯುವ ಪಾಠ ಅದು. ಪ್ರತಿ ವರ್ಷ ಅಣ್ಣ ಅದಕ್ಕೆ ಒಂದೇ ಉದಾಹರಣೆ ಕೊಡುತ್ತಿದ್ದ. ಅಂದೂ ಅದನ್ನೇ ಕೊಟ್ಟ. ಬೋರ್ಡಿನ ಮೇಲೆ ಚೌಕ ಚೌಕ ಗೆರೆ ಎಳೆದು, ಎರಡು ಅಕ್ಷಗಳು ಕೂಡುವಲ್ಲಿ ಸಾಲಿಯನ್ನು ಇಟ್ಟ. ಪೂರ್ವಕ್ಕೆ ಹದಿನಾರು, ಉತ್ತರಕ್ಕೆ ಹನ್ನೆರಡು ಎಣಿಸಿ ನಮ್ಮ ಹಳ್ಳಿಯನ್ನು ಗುರುತು ಮಾಡಿದ. ನಡುವೆ ಲಂಬಕೋನ ತ್ರಿಕೋನ ಕೂತಿತು. "ಹದಿನಾರರ ವರ್ಗ ಎಷ್ಟು?" ಇನ್ನೂರಾ ಐವತ್ತಾರು. "ಹನ್ನೆರಡರದು?" ನೂರಾ ನಲವತ್ನಾಲ್ಕು. "ಕೂಡಿದರೆ?" ನಾಲ್ಕು ನೂರು. "ವರ್ಗಮೂಲ?" ಇಡೀ ತರಗತಿ ಒಂದೇ ಉಸಿರಿನಲ್ಲಿ "ಇಪ್ಪತ್ತು ಫರ್ಲಾಂಗ್ರೀ ಸರ್!" ಎಂದು ಕೂಗಿತು.

ಸಾಹೇಬರಿಗೆ ಖುಷಿಯಾಯಿತು. ಆಮೇಲೆ ಏನೋ ನೆನಪಾಗಿ ಚೀಲದಿಂದ ಅರ್ಜಿ ತೆಗೆದರು.

"ಇದು ನಿಮ್ಮೂರೇ ಅಲ್ವೇನ್ರೀ ಮೇಷ್ಟ್ರೇ? ಇಪ್ಪತ್ತು ಫರ್ಲಾಂಗು ಅಂದ್ರೆ ಎರಡೂವರೆ ಮೈಲಿ. ಇಲ್ಲಿ ಮೂರೂವರೆ ಅಂತ ಬರೆದಿದ್ದೀರಿ. ನಿಮ್ಮ ಪಾಠ ಸುಳ್ಳೋ, ಅರ್ಜಿ ಸುಳ್ಳೋ?"

"ಎರಡೂ ಖರೇನೇ ಅದಾವ್ರಿ" ಅಂದ ಅಣ್ಣ.

"ಅದು ಹ್ಯಾಗಾಗುತ್ತೆ? ನಾನು ಇಪ್ಪತ್ತು ಅಂತ್ಲೇ ಬರ್ಕೋಬೇಕಾಗುತ್ತೆ." ಸಾಹೇಬರು ಅರ್ಜಿಯ ಅಂಚಿನಲ್ಲಿ ಬರೆದೂಬಿಟ್ಟರು.

"ಅಡ್ಡ ದಾರಿ ನಮಗ ಇಲ್ರಿ ಸಾಹೇಬ್ರ."

ಸಾಹೇಬರಿಗೆ ತಿಳಿಯಲಿಲ್ಲ. ಹುಡುಗರ ಎದುರಿಗೆ ಬಿಡಿಸಿ ಹೇಳಲು ಅಣ್ಣನಿಗೆ ಬಾಯಿ ಬರಲಿಲ್ಲ. ಕೊನೆಗೆ ಸಾಲಿ ಬಿಟ್ಟ ಮೇಲೆ ಸಾಹೇಬರೇ "ನಡೀರಿ, ನಡೆದೇ ನೋಡೋಣ" ಎಂದು ಹೊರಟರು.

ಔರಾದು ದಾಟಿದ ಕೂಡಲೇ ದೇಶಮುಖರ ಹೊಲ. ಕಾವಲುಗಾರ ಹಾವಗೆಪ್ಪ ಎದ್ದು ಬಂದು ಸಾಹೇಬರಿಗೆ ಕೈ ಮುಗಿದ. ಅಣ್ಣನ ಮುಖ ನೋಡಿ ತಲೆ ತಗ್ಗಿಸಿದ. "ಮಾಸ್ತರ್, ನಿಮಗ ಗೊತ್ತೇ ಅದಲ್ರಿ. ನಾ ಬಿಟ್ಟೆ ಅಂದ್ರ ನನ್ನ ಹೊಟ್ಟಿ ಮ್ಯಾಲ ಹೊಡೀತಾರ." ಸಾಹೇಬರು ಕೆಂಡವಾದರು. ಇದಕ್ಕೆ ಈಗ ಕಾನೂನಿದೆ, ಯಾರ್ರೀ ತಡೆಯೋನು ಎಂದೆಲ್ಲ ಕೂಗಾಡಿದರು. ಅವರು ತಿರುಗಿ ನೋಡುವಷ್ಟರಲ್ಲಿ ಅಣ್ಣ ಆಗಲೇ ರಸ್ತೆಯತ್ತ ಹೆಜ್ಜೆ ಹಾಕಿದ್ದ. "ನೀವು ಹೋಗ್ರಿ ಸಾಹೇಬ್ರ, ನಾ ಸುತ್ತು ಹಾಕಿ ಬರ್ತೇನಿ" ಎಂದು ಅಲ್ಲಿಂದಲೇ ಹೇಳಿದ. ಜಗಳ ಮಾಡಲೂ ಶಕ್ತಿ ಬೇಕಲ್ಲ.

ಹೀಗಾಗಿ ನಮ್ಮ ಮನೆ ಮುಂದೆ ಬಂದು ನಿಂತವರು ಸಾಹೇಬರೊಬ್ಬರೇ. ಮೇಷ್ಟ್ರ ಜೊತೆ ಸಾಲಿಯಿಂದ ಹೊರಟೆ ಎಂದು ಅವರು ಹೇಳಿದ್ದೇ ತಡ, ವೈನಿ ಹೊರಗೆ ಓಡಿ ಬಂದಳು.

"ಅಯ್ಯಯ್ಯ, ನೀವೊಬ್ಬರೇ ಯಾಕ ಬಂದ್ರಿ? ಅವರಿಗೇನಾತ್ರಿ?"

"ಏನೂ ಆಗಿಲ್ಲಮ್ಮ, ರಸ್ತೆ ಮೇಲೆ ಬರ್ತಿದ್ದಾರೆ."

ಹೊರಸು ಹಾಕಿದೆವು, ಕೂತರು. ನೀರು ಕೊಟ್ಟೆವು. ಲೋಟವನ್ನು ಒಂದು ಗಳಿಗೆ ನೋಡಿ ಕುಡಿದರು. ಅವರು ಮತ್ತೆ ಮತ್ತೆ ರಸ್ತೆಯ ಕಡೆ ನೋಡುತ್ತಿದ್ದರು. ಅಣ್ಣನ ಸುಳಿವಿಲ್ಲ. ಸುಮ್ಮನೆ ಕೂರಲಾಗದೆ, "ಔರಾದಿನಲ್ಲೇ ಬಾಡಿಗೆ ಮನೆ ಮಾಡಬಹುದಿತ್ತಲ್ಲಮ್ಮ?" ಎಂದರು.

ವೈನಿಯ ನಾಲಿಗೆಗೆ ಲಗಾಮಿಲ್ಲ. "ಯಾರು ಕೊಡ್ತಾರ್ರಿ? ನಿಮ್ಮ ಊರಾಗ ನಿಮ್ಮ ಮನಿ ಇದ್ರ ನೀವು ಕೊಡ್ತೀರೇನ್ರಿ ನಮಗ?"

ನಾನು ಅವಳ ಸೆರಗು ಜಗ್ಗಿದೆ. ಸಾಹೇಬರು ಖಾಲಿ ಲೋಟವನ್ನು ಕೈಯಲ್ಲೇ ಹಿಡಿದು ಕೂತಿದ್ದರು. ಹೊತ್ತು ಇಳಿಯುತ್ತಿತ್ತು. ನನಗೆ ಒಳಗೊಳಗೇ ಒಂದು ಕೆಟ್ಟ ಖುಷಿ. ಕಾಯಲಿ, ನಾವು ದಿನಾ ಕಾಯುತ್ತೇವೆ.

ಕೊನೆಗೆ ಅಣ್ಣ ಒಂದು ಕಾಲು ಎಳೆದುಕೊಂಡು ಬಂದ. ಧೋತರಕ್ಕೆ ಮೊಣಕಾಲಿನವರೆಗೆ ಧೂಳು. ಸಾಹೇಬರು ಎದ್ದು ನಿಂತರು. ಮಾಸ್ತರನೊಬ್ಬನಿಗಾಗಿ ಇನ್‌ಸ್ಪೆಕ್ಟರ್ ಎದ್ದದ್ದನ್ನು ನಾನು ಮತ್ತೆಂದೂ ನೋಡಲಿಲ್ಲ. ಪೆನ್ನು ತೆಗೆದು, ಅರ್ಜಿಯ ಮೇಲೆ ತಾವು ಬರೆದಿದ್ದ ಇಪ್ಪತ್ತನ್ನು ಹೊಡೆದು ಹಾಕಿ ಇಪ್ಪತ್ತೆಂಟು ಎಂದು ಬರೆದರು.

ಅಣ್ಣ ಇಣುಕಿ ನೋಡಿದ. "ಸಾಹೇಬ್ರ, ಇಪ್ಪತ್ತೂ ತಪ್ಪಲ್ರಿ. ಹುಡುಗರು ಲೆಕ್ಕ ಬರೋಬ್ಬರಿ ಮಾಡ್ಯಾರ."

"ಲೆಕ್ಕ ಸರಿಯಾಗೇ ಇದೆ ಮೇಷ್ಟ್ರೇ. ಆ ಇಪ್ಪತ್ತರ ದಾರಿ ನನ್ನದು. ಕೋಣೆ ನಿಮಗೆ."

ವೈನಿ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟಳು. ನಾನೂ ಅತ್ತೆ. ಸಾಹೇಬರು ಆಡಿದ ಮಾತಿಗೆ ತಪ್ಪಲಿಲ್ಲ, ಮಳೆ ಬೀಳುವುದರೊಳಗೆ ನಾವು ಔರಾದಿನಲ್ಲಿದ್ದೆವು. ನಾನು ಸಾಲಿ ಕಲಿತು ಮುಂದೆ ಭಾಲ್ಕಿಯಲ್ಲಿ ಮಾಸ್ತರಬಾಯಿ ಆದದ್ದು ಆ ಕೋಣೆಯಿಂದಲೇ. ಆದರೆ ಆ ದಿನ ಅಲ್ಲಿಗೇ ಮುಗಿಯಲಿಲ್ಲ.

ಸಾಹೇಬರು ಹೊರಟು ನಿಂತರು. "ನೀವು ಹೊಲದಾಗಿಂದೇ ಹೋಗ್ರಿ, ಲಗೂ ಮುಟ್ತೀರಿ" ಅಂದ ಅಣ್ಣ. ಸಾಹೇಬರ ಮನಸ್ಸು ಕರಗಿ ನೀರಾಗಿತ್ತು. "ಛೇ ಛೇ, ಆ ದಾರಿ ನನಗೆ ಬೇಡ. ನಾನೂ ನಿಮ್ಮ ರಸ್ತೇಲೇ ನಡೀತೀನಿ. ಬನ್ನಿ ಮೇಷ್ಟ್ರೇ, ಮಾತಾಡ್ತಾ ಹೋಗೋಣ" ಅಂದರು. ಅಧಿಕಾರಿ ಬಾ ಎಂದ ಮೇಲೆ ಬರುವುದಿಲ್ಲ ಅನ್ನಲಾಗುತ್ತದೆಯೇ? ಅಣ್ಣ ಬಿಟ್ಟ ಚಪ್ಪಲಿ ಮತ್ತೆ ಮೆಟ್ಟಿಕೊಂಡ. ಔರಾದಿನವರೆಗೆ ಹೋಗಿ, ಅವರನ್ನು ಬಿಟ್ಟು, ಒಬ್ಬನೇ ವಾಪಸು ಬಂದ.

ವೈನಿ ಎಣ್ಣೆ ಬಿಸಿ ಮಾಡಿ ಮೊಣಕಾಲಿಗೆ ತಿಕ್ಕುತ್ತ ಕೂತಳು.

"ದಾರಿ ತುಂಬ ನನ್ನ ಕಷ್ಟ ಕೇಳಿದರು" ಅಂದ ಅಣ್ಣ. "ಭಾಳ ಛಲೋ ಮನುಷ್ಯಾರು."

"ಛಲೋ ಇರ್ಲಿ. ಇನ್ನೊಮ್ಮಿ ಮಾತ್ರ ಬರೋದು ಬ್ಯಾಡ."

ನಾನು ದೀಪ ಹತ್ತಿರ ತಂದು ನೋಡಿದೆ. ಅಣ್ಣ ಕೂತಲ್ಲೇ ನಿದ್ದೆ ಹೋಗಿದ್ದ.