ಒಂಬತ್ತಕ್ಕೆ ಬಂದ ಬೇಲು

ನಾನು ಚಿಕ್ಕವಳಿದ್ದಾಗ ಕಂಪಲಾಪುರದಲ್ಲಿ ನಮ್ಮ ಅಪ್ಪ ಮನುಷ್ಯರಿಗಿಂತ ಅಂಕಿಗಳನ್ನೇ ಹೆಚ್ಚು ನಂಬುತ್ತಿದ್ದರು. ಹೊಗೆಸೊಪ್ಪನ್ನು ಒತ್ತಿ ಕಟ್ಟಿದ ಮೂಟೆಗಳನ್ನು, ಅಂದರೆ ಬೇಲುಗಳನ್ನು, ಮಾರುಕಟ್ಟೆಯಲ್ಲಿ ಇಳಿಸಿದಾಗ ಒಂದೊಂದಕ್ಕೂ ಎಂಟಂಕಿಯ ನಂಬರಿನ ಚೀಟಿ ಹೊಲಿದು, ಅದರ ಇನ್ನರ್ಧ ರೈತನ ಕೈಗೆ ಕೊಡುತ್ತಿದ್ದರು. ಅಷ್ಟುದ್ದದ ನಂಬರು ಅಪ್ಪನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಅಂಕಿಗಳನ್ನೆಲ್ಲ ಕೂಡಿ, ಬಂದದ್ದನ್ನು ಮತ್ತೆ ಕೂಡಿ, ಕೊನೆಗೆ ಉಳಿದ ಒಂದೇ ಅಂಕಿಯನ್ನು ನೆನಪಿಟ್ಟುಕೊಳ್ಳುತ್ತಿದ್ದರು. ಆ ಸಲ ನಮ್ಮ ಬೇಲು 40725918. ಕೂಡಿದರೆ ಮೂವತ್ತಾರು, ಮೂರಕ್ಕೆ ಆರು ಸೇರಿದರೆ ಒಂಬತ್ತು.

ಮಾರನೆಯ ದಿನ ಅಪ್ಪ ಚೀಟಿಯನ್ನು ಮನೆಯಲ್ಲೇ ಬಿಟ್ಟು ಮಾರುಕಟ್ಟೆಗೆ ಹೋದರು. ಮಧ್ಯಾಹ್ನ ಕೆಂಡವಾಗಿ ಹಿಂದಿರುಗಿದರು. ಪಕ್ಕದ ಹೊಲದ ಮಾವ ನಮ್ಮ ಬೇಲನ್ನು ತಮ್ಮದೆಂದು ಹಿಡಿದುಕೊಂಡು ನಿಂತಿದ್ದರಂತೆ.

"ನಾನೇ ಕೂಡ್ಸಿ ನೋಡ್ದೆ, ಒಂಬತ್ತೇ ಬಂತು. ಕಳ್ಳ ಕಣ ಅವ್ನು. ಇನ್ನು ಆ ಮನೆ ಕಡೆ ಯಾರೂ ತಲೆ ಹಾಕ್‌ಬೇಡಿ" ಎಂದರು.

ಮಾವನ ಮಗಳು ನನ್ನ ಪ್ರಾಣದ ಗೆಳತಿ. ಅವಳ ಜೊತೆ ಆಟವಿಲ್ಲ ಎಂದರೆ ನನಗೆ ಅಳುವೇ ಬಂತು. ಆದರೂ ಅನುಮಾನ ನನ್ನ ಹೊಟ್ಟೆಗೂ ಇಳಿಯಿತು. ಮೊನ್ನೆ ಅವಳ ತಲೆಯಲ್ಲಿದ್ದ ಹೊಸ ರಿಬ್ಬನ್ ಎಲ್ಲಿಂದ ಬಂತು? ಮಾವ ಅಷ್ಟು ಪ್ರೀತಿಯಿಂದ ಬೆಲ್ಲ ಕೊಟ್ಟದ್ದು ಯಾಕೆ? ಯೋಚಿಸಿದಷ್ಟೂ ಎಲ್ಲವೂ ಕಳ್ಳತನದಂತೆಯೇ ಕಂಡಿತು.

ಅಕ್ಕ ಏಳನೇ ಕ್ಲಾಸು. ಅವಳು ಪೆಟ್ಟಿಗೆಯಿಂದ ಚೀಟಿ ತೆಗೆದು, ಹೊಗೆಸೊಪ್ಪಿನ ಘಾಟು ತುಂಬಿದ್ದ ಜಗುಲಿಯ ಮೇಲೆ ಇದ್ದಿಲಿನಲ್ಲಿ ಆ ನಂಬರು ಬರೆದಳು. ಅದರ ಕೆಳಗೆ ಒಂದೊಂದೇ ಹೆಚ್ಚಿಸುತ್ತಾ ಒಂಬತ್ತು ನಂಬರುಗಳನ್ನು ಬರೆದಳು.

"ಇವುನ್ನೂ ಕೂಡ್ಸಪ್ಪ" ಎಂದಳು.

"ನೀನೂ ಅವ್ನ ಕಡೆನಾ?" ಎಂದು ಅಪ್ಪ ಅವಳನ್ನೂ ಓರೆಗಣ್ಣಿನಿಂದ ನೋಡಿದರು. ಆದರೂ ಬೆರಳು ಮಡಚಿ ಕೂಡತೊಡಗಿದರು. ಒಂದು, ಎರಡು, ಮೂರು ಎಂದು ಎಂಟರವರೆಗೆ ಬಂತು. ಕೊನೆಯ ನಂಬರು 40725927. ಕೂಡಿದರೆ ಮತ್ತೆ ಒಂಬತ್ತು.

"ಎಷ್ಟೇ ದೊಡ್ಡ ಸಂಖ್ಯೆ ಆಗ್ಲಿ, ಒಂಬತ್ತರಿಂದ ಪೂರ್ತಿ ಭಾಗ ಆದ್ರೆ ಒಂಬತ್ತೇ ಬರೋದು. ಒಂಬತ್ತು ಬೇಲಿಗೊಂದು ಅಂಗೇ ಸಿಕ್ತದೆ. ನೀನು ಅಲ್ಲಿ ನೋಡಿದ್ ನಂಬರಿನ ಕೊನೇಲಿ ಏನಿತ್ತಪ್ಪ?"

ಅಪ್ಪ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಇಪ್ಪತ್ತೇಳು" ಎಂದರು.

ಚಪ್ಪಲಿಯನ್ನೂ ಮೆಟ್ಟದೆ ಮಾವನ ಮನೆಗೆ ನಡೆದರು. ನಾನು ಹಿಂದೆಯೇ ಓಡಿದೆ. ಅಂಗಳದಲ್ಲಿ ನಿಂತು, "ತಪ್ಪು ನಂದು ಬಾವ" ಎಂದರು ಅಪ್ಪ.

"ಬುಡು. ನಿನ್ ಬೇಲು ಬಿಸಿಲಲ್ಲಿ ಬಿದ್ದಿತ್ತು. ನಾನೇ ನೆರಳಿಗೆ ಹಾಕ್ಸಿ ಬಂದೆ" ಎಂದರು ಮಾವ. ನಾನು ನಾಚಿಕೆಯಿಂದ ಅಪ್ಪನ ಬೆನ್ನ ಹಿಂದೆ ಅಡಗಿದೆ.

ಮಕ್ಕಳೇ, ಈಗ ಯಾವ ಉದ್ದದ ನಂಬರನ್ನೂ ನೀವು ನೆನಪಿಡಬೇಕಿಲ್ಲ, ಎಲ್ಲ ಫೋನಿನಲ್ಲಿದೆ. ಆದರೆ ನಿನ್ನೆ ಚಾರ್ಜರ್ ಕಾಣದಿದ್ದಾಗ ಪಕ್ಕದ ಮನೆ ಹುಡುಗನೇ ತೆಗೆದನೆಂದು ಬೀದಿಗೆಲ್ಲ ಕೇಳುವಂತೆ ಹೇಳಿದಿರಿ. ಸಂಜೆ ಅದು ನಿಮ್ಮ ಹಾಸಿಗೆಯಡಿಯಲ್ಲೇ ಸಿಕ್ಕಿತು. ಅವನ ಮನೆಗೆ ನೀವಿನ್ನೂ ಹೋಗಿಲ್ಲ.