ಮೀನು ತಿನ್ನದವರ ಆಡಿಟರು

ಕಡೂರಿನಿಂದ ಬರುತ್ತಿದ್ದ ಆ ಆಡಿಟರು, ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದವನನ್ನೂ ಬಿಡದೆ ಕೇಳುತ್ತಿದ್ದರು: "ಹಾಕ್ದೇ ಇದ್ದಿದ್ರೆ ಏನಾಗ್ತಿತ್ತು?"

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಅಜ್ಜಂಪುರದ ಕೆಲವರು ಮಂಗಳೂರಿಗೆ ಪ್ರವಾಸ ಹೋಗಿ, ಸಮುದ್ರ ಕಂಡ ಹುಮ್ಮಸ್ಸಿನಲ್ಲಿ ಕಡಲಜೀವಿಗಳ ರಕ್ಷಣೆಗೊಂದು ಸಂಘ ಕಟ್ಟಿ ಚಂದಾ ಎತ್ತಿದ್ದರು. ನಾನು ಅದರ ಗುಮಾಸ್ತ. ವರ್ಷದ ಕೊನೆಗೆ ಸಂಘದ ಲೆಕ್ಕ ನೋಡಲು ಬಂದ ಆಡಿಟರು ರಸೀದಿಗಳನ್ನೆಲ್ಲ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಹಣವೆಲ್ಲ ಸಭೆಗಳ ಉಪ್ಪಿಟ್ಟು, ಕಾಫಿಗೆ ಹೋಗಿತ್ತು. ಲೆಕ್ಕ ಮಾತ್ರ ಪೈಸೆಗೆ ಪೈಸೆ ಸರಿಯಿತ್ತು.

"ಮೀನಿಗೇನ್ ಮಾಡಿದ್ರಿ?"

"ಇಡೀ ವರ್ಷ ಒಬ್ಬ ಸದಸ್ಯನೂ ಮೀನು ತಿಂದಿಲ್ಲ ಸಾರ್," ಎಂದರು ಕಾರ್ಯದರ್ಶಿ, ಹೆಮ್ಮೆಯಿಂದ.

ಸದಸ್ಯರೆಲ್ಲ ಮಠದ ಭಕ್ತರು, ತಲೆಮಾರುಗಳಿಂದ ಮೀನು ಮುಟ್ಟದವರು. ಆಡಿಟರು ಕಾರ್ಯದರ್ಶಿಯ ಹಣೆಯ ವಿಭೂತಿಯನ್ನೇ ನೋಡಿದರು. "ಸಂಘ ಇಲ್ದಿದ್ರೆ ತಿಂತಿದ್ರಾ?"

ಕಾರ್ಯದರ್ಶಿಗೆ ರೇಗಿತು. "ನೀವ್ ಬರ್ದೇ ಇದ್ದಿದ್ರೆ ಏನಾಗ್ತಿತ್ತು ಸಾರ್?"

ಆಡಿಟರು ಕನ್ನಡಕ ತೆಗೆದು ಒರೆಸುತ್ತ ನಿಜವಾಗಿಯೂ ಯೋಚಿಸಿದರು. "ಏನೂ ಆಗ್ತಿರ್ಲಿಲ್ಲ ಕಣ್ರೀ," ಎಂದು ವರದಿಗೆ ಸಹಿ ಹಾಕಿದರು. ನಾನು ಬಸ್ ಚಾರ್ಜು ಕೊಡಲು ಹೋದಾಗ, "ಹಂಗಾದ್ಮೇಲೆ ಇದನ್ನ ಹೆಂಗ್ ತಗೊಳ್ಲಿ?" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಆ ದುಡ್ಡು ಮುಂದಿನ ಸಭೆಯ ಉಪ್ಪಿಟ್ಟಿಗಾಯಿತು. ಅದಕ್ಕೂ ರಸೀದಿ ಇದೆ.